ಚಿತ್ರದಲ್ಲಿ ಪದರ, ಪದರದಲ್ಲಿ ಪಾರದರ್ಶಕತೆ



ಹೂವಿನ ಭಾಗಗಳನ್ನು ತೋರಿಸುವ ಒಳ್ಳೆಯ ಚಿತ್ರವೊಂದು ಅಂತರಜಾಲದಲ್ಲಿ ದೊರೆಯುತ್ತದೆ. ಅದರ ಮೇಲಿನ ಹೆಸರುಗಳು ಕಾಸರಗೋಡಿನ ಶಿಕ್ಷಕರಿಗೆ ಮಲಯಾಳದಲ್ಲಿ, ತಾಳವಾಡಿಯವರಿಗೆ ತಮಿಳಿನಲ್ಲಿ, ಜತ್ತ–ಅಕ್ಕಲಕೋಟೆಯವರಿಗೆ ಮರಾಠಿಯಲ್ಲಿ, ಆದೋನಿಯವರಿಗೆ ತೆಲುಗಿನಲ್ಲಿ ಸಿಗುವುದು ಸಾಮಾನ್ಯ. ಅದೂ ಇಲ್ಲವಾದರೆ ಇಂಗ್ಲಿಷ್ ಇದ್ದೇ ಇದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದನ್ನು ತೋರಿಸಬೇಕಾದ ಶಿಕ್ಷಕರು ಆ ಹೆಸರಿನ ಮೇಲೆ ಬಿಳಿಯ ಚೌಕವೊಂದನ್ನು ಎಳೆದು, ಅದರ ಮೇಲೆ ಕನ್ನಡ ಪದವನ್ನು ಬರೆಯುತ್ತಾರೆ. ಹೆಸರು ಮರೆಯಾಗುತ್ತದೆ, ಜೊತೆಗೆ ದಳದ ತುದಿಯೂ ಮರೆಯಾಗುತ್ತದೆ. ಆ ಚಿತ್ರ ಮತ್ತೊಂದು ಶಾಲೆಗೆ ಹೋಗುತ್ತದೆ. ಅಲ್ಲಿಯ ಪಠ್ಯಪುಸ್ತಕದಲ್ಲಿ ಪಾರಿಭಾಷಿಕ ಪದ ಬೇರೆಯಾಗಿದ್ದರೆ ತೇಪೆಯ ಮೇಲೊಂದು ತೇಪೆ ಬೀಳುತ್ತದೆ. ಮೂರನೆಯ ಕೈಗೆ ಬರುವಷ್ಟರಲ್ಲಿ ಹೂವಿಗಿಂತ ತೇಪೆಯೇ ಹೆಚ್ಚಾಗಿರುತ್ತದೆ.

ಇದು ಶಿಕ್ಷಕರ ಅಜಾಗರೂಕತೆಯಲ್ಲ. ಹೂವೂ ಹೆಸರೂ ಒಂದೇ ಹಾಳೆಯ ಮೇಲೆ ಅಂಟಿಕೊಂಡಿರುವುದೇ ಇದರ ಕಾರಣ. ಅವೆರಡನ್ನೂ ಬೇರೆ ಬೇರೆ ಹಾಳೆಗಳಲ್ಲಿ ಇಟ್ಟು, ಒಂದರ ಮೇಲೊಂದನ್ನು ಹೊಂದಿಸಿ ತೋರಿಸುವ ವಿಧಾನಕ್ಕೆ ಚಿತ್ರ ಸಂಪಾದನೆಯ ತಂತ್ರಾಂಶಗಳಲ್ಲಿ ಪದರ ಎಂದು ಹೆಸರು. ತೆರೆಯ ಮೇಲೆ ಅದು ಲೇಯರ್ ಎಂದು ಕಾಣಿಸುತ್ತದೆ. ಮೇಲಿನ ಹಾಳೆಯ ಖಾಲಿ ಜಾಗದ ಮೂಲಕ ಕೆಳಗಿನ ಹಾಳೆ ಕಾಣಬೇಕಾದರೆ ಆ ಖಾಲಿ ಜಾಗ ಪಾರದರ್ಶಕವಾಗಿರಬೇಕು. ಪಾರದರ್ಶಕತೆಯ ಲೆಕ್ಕವನ್ನು ಅರಿಯದೆ ಪದರದ ಉಪಯೋಗ ಪೂರ್ತಿಯಾಗಿ ಕೈಗೆ ಬರುವುದಿಲ್ಲ.

ಗಣಕದ ತೆರೆಯ ಮೇಲಿನ ಚಿತ್ರ ಸಣ್ಣ ಸಣ್ಣ ಚೌಕದ ಚುಕ್ಕಿಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ ಆದದ್ದು. ಸಾಮಾನ್ಯವಾಗಿ ಪ್ರತಿಯೊಂದು ಚುಕ್ಕಿಗೂ ಮೂರು ಅಂಕಿಗಳಿರುತ್ತವೆ: ಕೆಂಪು, ಹಸಿರು, ನೀಲಿ ಬೆಳಕುಗಳಲ್ಲಿ ಒಂದೊಂದು ಎಷ್ಟು ಎಂಬುದನ್ನು 0ರಿಂದ 255ರವರೆಗಿನ ಸಂಖ್ಯೆಯಲ್ಲಿ ಹೇಳುವ ಅಂಕಿಗಳು. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಇಲ್ಲಿಯೇ ಒಂದು ಮಾತನ್ನು ಗಮನಿಸಬೇಕು. ಕಾಗದದ ಮೇಲೆ ಬರೆದು ರೂಢಿಯಾದವರಿಗೆ ಬಿಳಿ ಎಂದರೆ ಏನೂ ಬರೆಯದ ಜಾಗ. ಗಣಕಕ್ಕೆ ಹಾಗಲ್ಲ, ಅಲ್ಲಿ ಬಿಳಿಯೂ ಬಳಿದ ಬಣ್ಣವೇ, ಅದೂ ಎಲ್ಲಕ್ಕಿಂತ ಪ್ರಕಾಶವಾದ ಬಣ್ಣ. ಏನೂ ಇಲ್ಲ ಎಂಬುದನ್ನು ಈ ಮೂರು ಅಂಕಿಗಳಿಂದ ಹೇಳಲು ಸಾಧ್ಯವೇ ಇಲ್ಲ. ಅದಕ್ಕಾಗಿ ನಾಲ್ಕನೆಯ ಅಂಕಿಯೊಂದು ಬೇಕಾಯಿತು. ಅದರ ಹೆಸರು ಆಲ್ಫಾ. ಆಲ್ಫಾ 255 ಆದರೆ ಚುಕ್ಕಿ ಪೂರ್ತಿ ಗಟ್ಟಿ, 0 ಆದರೆ ಪೂರ್ತಿ ಪಾರದರ್ಶಕ, ನಡುವಿನ ಸಂಖ್ಯೆಗಳಾದರೆ ಅರೆಪಾರದರ್ಶಕ. ಪಾರದರ್ಶಕ ಜಾಗವನ್ನು ಬಿಳಿಯಿಂದ ಬೇರ್ಪಡಿಸಿ ತೋರಿಸಲೆಂದೇ ತಂತ್ರಾಂಶಗಳು ಅಲ್ಲಿ ಬೂದು ಬಣ್ಣದ ಚೌಕುಳಿಯನ್ನು ತೋರಿಸುತ್ತವೆ. ಚೌಕುಳಿ ಚಿತ್ರದ ಭಾಗವಲ್ಲ. ಮುದ್ರಿಸಿದಾಗ ಅದು ಬರುವುದಿಲ್ಲ.

ಅರೆಪಾರದರ್ಶಕ ಎಂಬುದನ್ನು ಮಕ್ಕಳಿಗೆ ವಿವರಿಸುವಾಗ ಬಣ್ಣದ ಗಾಜಿನ ಉದಾಹರಣೆ ಮೊದಲು ನೆನಪಿಗೆ ಬರುತ್ತದೆ. ಆದರೆ ಆಲ್ಫಾದ ಲೆಕ್ಕಕ್ಕೆ ಸೊಳ್ಳೆಪರದೆಯೇ ಹೆಚ್ಚು ಹತ್ತಿರದ ಉದಾಹರಣೆ. ಪರದೆಯ ನೂಲು ಜಾಗದ ಅರ್ಧವನ್ನು ಮುಚ್ಚಿ, ತೂತುಗಳು ಉಳಿದರ್ಧವನ್ನು ತೆರೆದಿಟ್ಟರೆ, ದೂರದಿಂದ ನೋಡುವವರ ಕಣ್ಣಿಗೆ ನೂಲಿನ ಬಣ್ಣ ಅರ್ಧ, ಹಿಂದಿನ ವಸ್ತುವಿನ ಬಣ್ಣ ಅರ್ಧ ಬೆರೆತು ಕಾಣುತ್ತದೆ. ಅಂದರೆ ಆಲ್ಫಾ ಎನ್ನುವುದು ಚುಕ್ಕಿಯ ಎಷ್ಟು ಪಾಲು ಮುಚ್ಚಿದೆ ಎಂಬುದರ ಅಳತೆ. ಮೇಲಿನ ಬಣ್ಣವನ್ನು ಆಲ್ಫಾದಿಂದ ಗುಣಿಸಬೇಕು, ಒಂದರಿಂದ ಆಲ್ಫಾವನ್ನು ಕಳೆದು ಉಳಿದ ಪಾಲಿನಿಂದ ಕೆಳಗಿನ ಬಣ್ಣವನ್ನು ಗುಣಿಸಬೇಕು, ಎರಡನ್ನೂ ಕೂಡಿಸಬೇಕು. ಅರ್ಧ ಪಾರದರ್ಶಕವಾದ ಕೆಂಪನ್ನು ಬಿಳಿಯ ಮೇಲಿಟ್ಟರೆ ಕೆಂಪಿನ ಅಂಕಿ 255 ಆಗಿಯೇ ಉಳಿದು, ಹಸಿರು ಮತ್ತು ನೀಲಿ ಸುಮಾರು 128ಕ್ಕೆ ನಿಲ್ಲುತ್ತವೆ. ಕಣ್ಣಿಗೆ ಗುಲಾಬಿ ಬಣ್ಣ ಕಾಣುತ್ತದೆ. ಕೆಲವು ತಂತ್ರಾಂಶಗಳು ಬೆಳಕಿನ ತೀವ್ರತೆಯ ಬೇರೊಂದು ಅಳತೆಯಲ್ಲಿ ಬೆರೆಸುವುದರಿಂದ ತೆರೆಯ ಮೇಲಿನ ಅಂಕಿ ಇದಕ್ಕಿಂತ ಬೇರೆಯಾಗಿ ಬರಬಹುದು. ತತ್ತ್ವ ಮಾತ್ರ ಇದೇ.

ಅರ್ಧ ಮುಚ್ಚುವ ಎರಡು ಪರದೆಗಳನ್ನು ಒಂದರ ಮೇಲೊಂದು ಹಾಕಿದರೆ ಪೂರ್ತಿ ಮುಚ್ಚುವುದೇ? ಅರ್ಧಕ್ಕೆ ಅರ್ಧ ಸೇರಿ ಒಂದಾಗುವುದೆಂದು ಮಕ್ಕಳು ಹೇಳುವ ಸಂಭವವೇ ಹೆಚ್ಚು. ವಾಸ್ತವದಲ್ಲಿ ಮೊದಲ ಪರದೆ ಬಿಟ್ಟ ಅರ್ಧದಲ್ಲಿ ಎರಡನೆಯದು ಅರ್ಧವನ್ನು ಮುಚ್ಚುತ್ತದೆ. ಕಾಲು ಭಾಗ ತೆರೆದೇ ಇರುತ್ತದೆ. ಮೂರು ಪರದೆಗಳಾದರೆ ಎಂಟನೆಯ ಒಂದು ಪಾಲು, ನಾಲ್ಕಾದರೆ ಹದಿನಾರನೆಯ ಒಂದು ಪಾಲು. ಎಷ್ಟು ಪದರ ಹಾಕಿದರೂ ಲೆಕ್ಕದಲ್ಲಿ ಪೂರ್ತಿ ಮುಚ್ಚುವುದಿಲ್ಲ. ಎಂಟು ಪದರಗಳಾದ ಮೇಲೆ ಉಳಿಯುವ ಪಾಲು 256ರಲ್ಲಿ ಒಂದಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಭಿನ್ನರಾಶಿಗಳ ಗುಣಾಕಾರವನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಸುಲಭವಾದ ಸಾಧನ ಗಣಿತದ ಶಿಕ್ಷಕರಿಗೆ ಸಿಗುವುದು ಕಷ್ಟ.

ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದಿಡುವ ಆಲೋಚನೆ ಗಣಕಕ್ಕಿಂತ ಹಳೆಯದು. ಅಮೆರಿಕದ ಅರ್ಲ್ ಹರ್ಡ್ 1915ರಲ್ಲಿ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಪಾತ್ರಗಳನ್ನು ಬರೆದು, ಹಿನ್ನೆಲೆಯನ್ನು ಮತ್ತೆ ಮತ್ತೆ ಬರೆಯದೆ ಚಲನಚಿತ್ರ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದನು. ಗಣಕದ ಚಿತ್ರಕ್ಕೆ ನಾಲ್ಕನೆಯ ಅಂಕಿಯನ್ನು ಸೇರಿಸಿದವರು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್. ಎರಡು ಬಣ್ಣಗಳನ್ನು ಬೆರೆಸುವ ಸೂತ್ರದಲ್ಲಿ ಪಾಲನ್ನು ಸೂಚಿಸಲು ಬಳಸುತ್ತಿದ್ದ ಗ್ರೀಕ್ ಅಕ್ಷರವೇ ಅದರ ಹೆಸರಾಯಿತು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಪ್ರಕಟಿಸಿದ ಪ್ರಬಂಧದಲ್ಲಿ ಚಿತ್ರವನ್ನು ಚಿತ್ರದೊಡನೆ ಕೂಡಿಸುವ ಹನ್ನೆರಡು ಕ್ರಿಯೆಗಳು ನಿರೂಪಿತವಾಗಿವೆ. ಮೇಲೆ ಹೇಳಿದ ಸೂತ್ರ ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು. ಶಾಲೆಯ ಗಣಕದವರೆಗೆ ಇದು ಬಂದದ್ದು ತಡವಾಗಿ. ಫೋಟೋಶಾಪ್‌ಗೆ ಪದರಗಳು ಬಂದದ್ದೇ 1994ರ ಮೂರನೆಯ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಅಂಟಿಸಿದ್ದು ಅಂಟಿಯೇ ಹೋಗುತ್ತಿತ್ತು.

ಕನ್ನಡ ಶಿಕ್ಷಕರಿಗೆ ಆಲ್ಫಾದ ಬೆಲೆ ತಿಳಿಯುವುದು ಅಕ್ಷರದ ಅಂಚಿನಲ್ಲಿ. ಕನ್ನಡದ ಅಕ್ಷರಗಳು ದುಂಡಗಿವೆ, ಚುಕ್ಕಿಗಳೋ ಚೌಕಾಕಾರದವು. ಬಾಗಿದ ಗೆರೆ ಒಂದು ಚುಕ್ಕಿಯ ನಡುವೆ ಹಾದುಹೋದಾಗ ಆ ಚುಕ್ಕಿಯ ಒಂದು ಪಾಲು ಮಾತ್ರ ಅಕ್ಷರಕ್ಕೆ ಸೇರುತ್ತದೆ. ನೂರರಲ್ಲಿ ನಲವತ್ತು ಪಾಲು ಎಂದಾದರೆ ತಂತ್ರಾಂಶ ಆ ಚುಕ್ಕಿಗೆ ಕಪ್ಪು ಬಣ್ಣವನ್ನೇ ಕೊಟ್ಟು, ಆಲ್ಫಾವನ್ನು 102 ಎಂದು ಬರೆದುಕೊಳ್ಳುತ್ತದೆ. ಇದರಿಂದಲೇ ಅಂಚು ನಯವಾಗಿ ಕಾಣುತ್ತದೆ. ಈ ಅಕ್ಷರವನ್ನು ಬಿಳಿಯ ಹಿನ್ನೆಲೆಯೊಡನೆ ಒಂದೇ ಹಾಳೆಯಾಗಿ ಮಾಡಿದರೆ ಅಂಚಿನ ಚುಕ್ಕಿ 153ರ ಬೂದುಬಣ್ಣವಾಗಿ ಗಟ್ಟಿಯಾಗುತ್ತದೆ, ಆಲ್ಫಾ ಮರೆಯಾಗುತ್ತದೆ. ಮುಂದೆ ಯಾರಾದರೂ ಆ ಬಿಳಿಯನ್ನು ಅಳಿಸಿ, ಅಕ್ಷರವನ್ನು ಹಸಿರು ಹಿನ್ನೆಲೆಯ ಮೇಲೆ ಇಟ್ಟರೆ, ಅಳಿಸದೆ ಉಳಿದ ಬೂದು ಚುಕ್ಕಿಗಳು ಅಕ್ಷರದ ಸುತ್ತ ಸುಣ್ಣದ ಗೆರೆಯಂತೆ ನಿಲ್ಲುತ್ತವೆ. ಆಲ್ಫಾ ಉಳಿದಿದ್ದರೆ ಅದೇ ಚುಕ್ಕಿ ಹಸಿರಿನೊಡನೆ ಬೆರೆತು ಕಡುಹಸಿರಾಗುತ್ತಿತ್ತು.

ಇದು ಬರೀ ಅಂದದ ಪ್ರಶ್ನೆಯಲ್ಲ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಗೆರೆ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು, ಅವುಗಳ ಒಳಗಿನ ಜಾಗ ಇನ್ನೂ ಚಿಕ್ಕದು. ಸಣ್ಣ ಗಾತ್ರದಲ್ಲಿ ಬರೆದ ಹೆಸರನ್ನು ಎರಡು ಮೂರು ಬಾರಿ ಕತ್ತರಿಸಿ ಅಂಟಿಸಿದರೆ ಈ ಗೆರೆಗಳೇ ಮೊದಲು ಹಾಳಾಗುತ್ತವೆ. ಮನೆಯ ಹೊರಗೆ ಎಲ್ಲೆಡೆಯೂ ಬೇರೊಂದು ಲಿಪಿಯನ್ನು ನೋಡುತ್ತ ಬೆಳೆಯುವ ಮಗು ಕನ್ನಡದ ಅಕ್ಷರವನ್ನು ನೋಡುವುದು ಬಹುತೇಕ ಶಾಲೆಯಲ್ಲಿ ಮಾತ್ರ. ಅದು ಅಲ್ಲಿಯೂ ಮಸುಕಾಗಿ ಕಾಣಬಾರದು.

ಹೂವಿನ ಪಾಠಕ್ಕೆ ಮರಳಬಹುದು. ಅನ್ಯರ ಚಿತ್ರವನ್ನು ತೇಪೆ ಹಾಕುವುದಕ್ಕಿಂತ, ಶಾಲೆಯ ಅಂಗಳದ ದಾಸವಾಳವನ್ನು ಉದ್ದಕ್ಕೆ ಸೀಳಿ ಕಾಗದದ ಮೇಲಿಟ್ಟು ಫೋಟೋ ತೆಗೆಯುವುದೇ ಲೇಸು. ಅದನ್ನು ಜಿಂಪ್ ತಂತ್ರಾಂಶದಲ್ಲಿ ತೆರೆಯಬಹುದು. ಕೇರಳದ ಸರಕಾರಿ ಶಾಲೆಗಳಿಗೆ ಕೈಟ್ ಸಂಸ್ಥೆ ಒದಗಿಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಜಿಂಪ್ ಸೇರಿಯೇ ಇರುತ್ತದೆ. ಉಳಿದ ರಾಜ್ಯಗಳವರು ವಿಂಡೋಸ್ ಗಣಕಕ್ಕೂ ಅದನ್ನು ಹಣ ಕೊಡದೆ ಪಡೆಯಬಹುದು. ಫೋಟೋ ಎಲ್ಲಕ್ಕಿಂತ ಕೆಳಗಿನ ಪದರವಾಗುತ್ತದೆ. ಅದರ ಮೇಲೆ ಪಾರದರ್ಶಕವಾದ ಹೊಸ ಪದರವೊಂದನ್ನು ಸೇರಿಸಿ, ಭಾಗಗಳಿಂದ ಹೆಸರಿನತ್ತ ಹೋಗುವ ಗೆರೆಗಳನ್ನು ಮಾತ್ರ ಅಲ್ಲಿ ಎಳೆಯಬೇಕು. ಅಕ್ಷರದ ಉಪಕರಣದಿಂದ ದಳ, ಕೇಸರ, ಶಲಾಕಾಗ್ರ, ಅಂಡಾಶಯ ಎಂದು ಬರೆಯುತ್ತ ಹೋದಂತೆ ಒಂದೊಂದು ಪದಕ್ಕೂ ಒಂದೊಂದು ಪದರ ತಾನಾಗಿಯೇ ಹುಟ್ಟುತ್ತದೆ. ಇವನ್ನೆಲ್ಲ ಒಂದು ಗುಂಪಿಗೆ ಸೇರಿಸಿ ಕನ್ನಡ ಎಂದು ಹೆಸರಿಡಬೇಕು. ಇನ್ನೊಂದು ಗುಂಪಿನಲ್ಲಿ ಅದೇ ಭಾಗಗಳಿಗೆ ರಾಜ್ಯಭಾಷೆಯ ಪದಗಳು, ಮತ್ತೊಂದರಲ್ಲಿ ಇಂಗ್ಲಿಷ್ ಪದಗಳು, ಕೊನೆಯದರಲ್ಲಿ ಬರೀ 1, 2, 3, 4 ಎಂಬ ಅಂಕಿಗಳು.

ಪದರದ ಹೆಸರಿನ ಪಕ್ಕದಲ್ಲಿ ಕಣ್ಣಿನ ಗುರುತೊಂದು ಇರುತ್ತದೆ. ಅದನ್ನು ಒತ್ತಿದರೆ ಪದರ ಮರೆಯಾಗುತ್ತದೆ, ಮತ್ತೆ ಒತ್ತಿದರೆ ಕಾಣುತ್ತದೆ. ಪಾಠದ ದಿನ ಕನ್ನಡದ ಗುಂಪಿನ ಕಣ್ಣು ತೆರೆದಿರುತ್ತದೆ. ಪರೀಕ್ಷೆಯ ದಿನ ಅಂಕಿಗಳ ಗುಂಪು ಮಾತ್ರ. ಎಂಟನೆಯ ಅಥವಾ ಹತ್ತನೆಯ ತರಗತಿ ಮುಗಿಸಿ ಬೇರೆ ಮಾಧ್ಯಮಕ್ಕೆ ಹೋಗಲಿರುವ ಮಕ್ಕಳಿಗೆ ಕನ್ನಡ ಪದವನ್ನೂ ಮುಂದೆ ಬೇಕಾಗುವ ಪದವನ್ನೂ ಒಂದೇ ಹೂವಿನ ಮೇಲೆ, ಒಂದಾದ ಮೇಲೆ ಒಂದರಂತೆ ತೋರಿಸಬಹುದು. ತಿಳಿದ ವಸ್ತುವಿಗೇ ಇನ್ನೊಂದು ಹೆಸರು ಎಂದು ಮಗುವಿಗೆ ಮನವರಿಕೆಯಾದರೆ ಹೊಸ ಪದದ ಭಯ ಅರ್ಧ ಇಳಿಯುತ್ತದೆ. ಕೆಳಗಿನ ಹೂವಿನ ಒಂದು ಚುಕ್ಕಿಯೂ ಇದರಲ್ಲಿ ಕೆಡುವುದಿಲ್ಲ.

ಹೊಸಬರಿಗೆ ತೊಡಕಾಗುವ ಸಂಗತಿಗಳು ಎರಡು ಮೂರು ಮಾತ್ರ. ಬರೆದದ್ದು ಕಾಣದಿದ್ದರೆ ಆ ಪದರ ಫೋಟೋದ ಕೆಳಗೆ ಸೇರಿಕೊಂಡಿರುತ್ತದೆ. ಪಟ್ಟಿಯಲ್ಲಿ ಅದನ್ನು ಮೇಲಕ್ಕೆ ಎಳೆದರೆ ಸಾಕು. ಗೆರೆಯನ್ನು ಅಳಿಸಹೋಗಿ ಹೂವು ಅಳಿಸಿತೆಂದರೆ ಆಗ ಆಯ್ಕೆಯಾಗಿದ್ದದ್ದು ಫೋಟೋದ ಪದರ. ಎರೇಸರ್ ಉಜ್ಜಿದಲ್ಲಿ ಚೌಕುಳಿ ಕಾಣದೆ ಬಿಳಿ ಬಣ್ಣ ಬಂದರೆ ಆ ಪದರಕ್ಕೆ ನಾಲ್ಕನೆಯ ಅಂಕಿಯೇ ಇಲ್ಲ ಎಂದು ಅರ್ಥ: ಜೆಪೆಗ್ ಚಿತ್ರ ಮೂರೇ ಅಂಕಿಗಳೊಡನೆ ಬರುತ್ತದೆ, ಎರೇಸರ್ ಅಲ್ಲಿ ಅಳಿಸುವ ಬದಲು ಹಿನ್ನೆಲೆಯ ಬಣ್ಣವನ್ನು ಬಳಿಯುತ್ತದೆ. ಲೇಯರ್ ಮೆನುವಿನ ಟ್ರಾನ್ಸ್‌ಪರೆನ್ಸಿ ವಿಭಾಗದಲ್ಲಿ ಆ್ಯಡ್ ಆಲ್ಫಾ ಚಾನೆಲ್ ಎಂಬುದನ್ನು ಆರಿಸಿದರೆ ನಾಲ್ಕನೆಯ ಅಂಕಿ ಸೇರುತ್ತದೆ.

ಶಾಲೆಯ ಹಳೆಯ ಗಣಕ ತಡವರಿಸುವುದೂ ಉಂಟು. 4000ಕ್ಕೆ 3000 ಚುಕ್ಕಿಗಳ ಫೋಟೋ ಎಂದರೆ 1 ಕೋಟಿ 20 ಲಕ್ಷ ಚುಕ್ಕಿಗಳು; ಒಂದೊಂದಕ್ಕೆ ನಾಲ್ಕು ಬೈಟ್‌ನಂತೆ ಒಂದು ಪದರಕ್ಕೇ 4 ಕೋಟಿ 80 ಲಕ್ಷ ಬೈಟ್ ಬೇಕು. ಮೊದಲೇ 1600ಕ್ಕೆ 1200ಕ್ಕೆ ಇಳಿಸಿಕೊಂಡರೆ ಅದು 76 ಲಕ್ಷ 80 ಸಾವಿರಕ್ಕೆ ಬರುತ್ತದೆ. ಹೆಸರಿನ ಪದರಗಳ ಚಿಂತೆ ಬೇಡ; ಅವು ಪದದಷ್ಟೇ ಅಗಲ.

ಪದರವನ್ನು ಕೆಳಗಿನದರೊಡನೆ ಬೆರೆಸುವ ಇನ್ನೊಂದು ಬಗೆಯನ್ನೂ ಹೇಳಬೇಕು. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ತೊಗಲುಗೊಂಬೆಯಾಟ ಕಂಡವರಿಗೆ ಅದು ಬೇಗ ತಿಳಿಯುತ್ತದೆ. ತೆಳುವಾಗಿ ಹೆರೆದ ತೊಗಲಿನ ಮೂಲಕ ದೀಪದ ಬೆಳಕು ಹಾದು ಪರದೆಯ ಮೇಲೆ ಬಣ್ಣ ಮೂಡುತ್ತದೆ. ಎರಡು ಗೊಂಬೆಗಳು ಒಂದರ ಮೇಲೊಂದು ಬಂದ ಜಾಗ ಇನ್ನಷ್ಟು ಗಾಢವಾಗುತ್ತದೆ. ಇಲ್ಲಿ ಮುಚ್ಚುವುದಲ್ಲ, ಸೋಸುವುದು. ತಂತ್ರಾಂಶದಲ್ಲಿ ಇದಕ್ಕೆ ಮಲ್ಟಿಪ್ಲೈ ಎಂಬ ವಿಧಾನವಿದೆ: ಮೇಲಿನ ಅಂಕಿಯನ್ನು ಕೆಳಗಿನದರಿಂದ ಗುಣಿಸಿ 255ರಿಂದ ಭಾಗಿಸುವುದು. ಮೇಲಿರುವುದು ಬಿಳಿಯಾದರೆ ಕೆಳಗಿನ ಬಣ್ಣ ಇದ್ದಂತೆಯೇ ಉಳಿಯುತ್ತದೆ, ಕಪ್ಪಾದರೆ ಕಪ್ಪೇ ಉಳಿಯುತ್ತದೆ. ಮಕ್ಕಳು ಪೆನ್ನಿನಿಂದ ಬರೆದ ಊರಿನ ನಕ್ಷೆಯ ಫೋಟೋವನ್ನು ಈ ವಿಧಾನದಲ್ಲಿ ಬಣ್ಣದ ಪದರದ ಮೇಲಿಟ್ಟರೆ, ಅಳಿಸುವ ಕೆಲಸವಿಲ್ಲದೆಯೇ ಕಾಗದ ಮರೆಯಾಗಿ ಗೆರೆಗಳು ಮಾತ್ರ ನಿಲ್ಲುತ್ತವೆ. ಆದರೆ ಮೊಬೈಲಿನ ಫೋಟೋದಲ್ಲಿ ಕಾಗದ ಪೂರ್ತಿ ಬಿಳಿಯಾಗಿರದೆ ಬೂದಾಗಿರುವುದರಿಂದ, ಮೊದಲು ಲೆವೆಲ್ಸ್ ಉಪಕರಣದಿಂದ ಅದನ್ನು ಬಿಳಿಗೆ ತರಬೇಕು. ಇಲ್ಲವಾದರೆ ನಕ್ಷೆಯೆಲ್ಲ ಮಂಕಾಗುತ್ತದೆ.

ಎರೇಸರ್‌ನ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಆಲ್ಫಾ ಇರುವ ಪದರದಲ್ಲಿ ಎರೇಸರ್ ಉಜ್ಜಿದಾಗ ಇಳಿಯುವುದು ಆಲ್ಫಾ ಮಾತ್ರ. ಬಣ್ಣದ ಮೂರು ಅಂಕಿಗಳು ಹಾಗೆಯೇ ಉಳಿದಿರಬಹುದು. ಜಿಂಪ್‌ನಲ್ಲಿ ಆ್ಯಂಟಿ ಇರೇಸ್ ಎಂಬ ಆಯ್ಕೆಯಿದ್ದು, ಅಳಿಸಿದ ಭಾಗವನ್ನು ಅದು ಮರಳಿ ತರುತ್ತದೆ. ಪಿಎನ್‌ಜಿ ಕಡತದಲ್ಲಿಯೂ ಪಾರದರ್ಶಕ ಚುಕ್ಕಿಗಳ ಬಣ್ಣವನ್ನು ಉಳಿಸಿಕೊಳ್ಳುವ ಆಯ್ಕೆಯುಂಟು. ಶಾಲೆಯ ಕಾರ್ಯಕ್ರಮದ ಫೋಟೋದಲ್ಲಿ ಯಾವುದಾದರೂ ಮಗುವಿನ ಮುಖ ಕಾಣಬಾರದೆಂದಿದ್ದರೆ ಎರೇಸರ್ ಬಳಸುವುದು ಸರಿಯಲ್ಲ. ಮುಖದ ಮೇಲೆ ಗಟ್ಟಿ ಬಣ್ಣ ಬಳಿದು, ಪದರಗಳನ್ನೆಲ್ಲ ಒಂದಾಗಿಸಿ ಜೆಪೆಗ್ ಆಗಿ ಕಳುಹಿಸಬೇಕು. ಉತ್ತರಗಳ ಪದರ ಮುಚ್ಚಿಟ್ಟ ಮೂಲ ಕಡತವನ್ನು ಮಕ್ಕಳ ಕೈಗೆ ಕೊಟ್ಟರೆ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ಕಣ್ಣಿನ ಗುರುತನ್ನು ಒತ್ತಲು ಅವರಿಗೆ ಯಾರೂ ಕಲಿಸಬೇಕಿಲ್ಲ.

ಇಷ್ಟು ಕೆಲಸ ಉಳಿಯುವುದೋ ಅಳಿಯುವುದೋ ಎಂಬುದು ಕಡತವನ್ನು ಹೇಗೆ ಉಳಿಸಲಾಯಿತೆಂಬುದರ ಮೇಲೆ ನಿಂತಿದೆ. ಜೆಪೆಗ್ ಕಡತಕ್ಕೆ ಪದರವೂ ಇಲ್ಲ, ಆಲ್ಫಾವೂ ಇಲ್ಲ. ಪಾರದರ್ಶಕವಾಗಿದ್ದ ಜಾಗದಲ್ಲಿ ಅದು ಯಾವುದಾದರೊಂದು ಗಟ್ಟಿ ಬಣ್ಣವನ್ನು ತುಂಬುತ್ತದೆ. ಜಿಫ್‌ನಲ್ಲಿ ಚುಕ್ಕಿ ಪೂರ್ತಿ ಪಾರದರ್ಶಕ ಇಲ್ಲವೇ ಪೂರ್ತಿ ಗಟ್ಟಿ, ನಡುವಣ ಸ್ಥಿತಿ ಇಲ್ಲ. ಆದ್ದರಿಂದ ಅಕ್ಷರದ ಅಂಚು ಗರಗಸದಂತಾಗುತ್ತದೆ. 1996ರಲ್ಲಿ ಮಾನ್ಯತೆ ಪಡೆದ ಪಿಎನ್‌ಜಿ ಆಲ್ಫಾವನ್ನು ಪೂರ್ತಿ ಉಳಿಸಿಕೊಳ್ಳುತ್ತದೆ, ಆದರೆ ಪದರಗಳನ್ನು ಒಂದಾಗಿಸುತ್ತದೆ. ಪದರಗಳು ಪದರಗಳಾಗಿಯೇ, ಅಕ್ಷರಗಳು ತಿದ್ದಬಹುದಾದ ಅಕ್ಷರಗಳಾಗಿಯೇ ಉಳಿಯುವುದು ತಂತ್ರಾಂಶದ ಸ್ವಂತ ಕಡತದಲ್ಲಿ: ಜಿಂಪ್‌ಗೆ ಎಕ್ಸ್‌ಸಿಎಫ್, ಫೋಟೋಶಾಪ್‌ಗೆ ಪಿಎಸ್‌ಡಿ. ಜಿಂಪ್‌ನಲ್ಲಿ ಸೇವ್ ಎಂದರೆ ಎಕ್ಸ್‌ಸಿಎಫ್; ಪಿಎನ್‌ಜಿ, ಜೆಪೆಗ್‌ಗಳಿಗೆ ಎಕ್ಸ್‌ಪೋರ್ಟ್ ಎಂಬ ಬೇರೆಯೇ ಆಜ್ಞೆ. ಎಕ್ಸ್‌ಪೋರ್ಟ್ ಮಾತ್ರ ಮಾಡಿ ತಂತ್ರಾಂಶವನ್ನು ಮುಚ್ಚಿದವರು ಮುಂದಿನ ವರ್ಷ ಒಂದು ಕಾಗುಣಿತವನ್ನು ತಿದ್ದಬೇಕಾದರೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಗಡಿಯಾಚೆಯ ಕನ್ನಡ ಶಾಲೆಗಳು ದೂರ ದೂರ ಇವೆ, ಒಂದೊಂದರಲ್ಲಿ ಶಿಕ್ಷಕರ ಸಂಖ್ಯೆ ಕಡಿಮೆ. ಹೊಸೂರಿನಲ್ಲಿ ಮಾಡಿದ ಹೂವಿನ ಚಿತ್ರ ಸೊಲ್ಲಾಪುರಕ್ಕೆ ಹೋದಾಗ ಅಲ್ಲಿಯವರು ತಮಿಳಿನ ಗುಂಪನ್ನು ತೆಗೆದು ಮರಾಠಿಯ ಗುಂಪನ್ನು ಸೇರಿಸಿದರೆ ಸಾಕು. ಹೂವು, ಗೆರೆ, ಕನ್ನಡ ಹೆಸರುಗಳು ಸಿದ್ಧವಾಗಿಯೇ ಇರುತ್ತವೆ. ಅದಕ್ಕಾಗಿ ಎಕ್ಸ್‌ಸಿಎಫ್ ಕಡತವನ್ನೂ, ಜಿಂಪ್ ಇಲ್ಲದವರಿಗಾಗಿ ಒಂದು ಪಿಎನ್‌ಜಿಯನ್ನೂ ಜೊತೆಗೂಡಿಸಿ ಕಳುಹಿಸುವುದು ಒಳಿತು. ಹೆಸರುಗಳನ್ನು ನೋಟೋ ಸಾನ್ಸ್ ಕನ್ನಡ, ಲೋಹಿತ್ ಕನ್ನಡದಂತಹ ಯುನಿಕೋಡ್ ಅಕ್ಷರಶೈಲಿಯಲ್ಲಿ ಬರೆದು, ಶೈಲಿಯ ಹೆಸರನ್ನು ಕಡತದ ಜೊತೆಗೆ ತಿಳಿಸಬೇಕು; ಯುನಿಕೋಡ್ ಅಲ್ಲದ ಹಳೆಯ ಶೈಲಿಗಳಲ್ಲಿ ಬರೆದ ಪದ, ಆ ಶೈಲಿ ಇಲ್ಲದ ಗಣಕದಲ್ಲಿ ತಿದ್ದಹೊರಟಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ವಾಟ್ಸಾಪ್‌ನಲ್ಲಿ ಕಳುಹಿಸುವಾಗ ಪಿಎನ್‌ಜಿಯನ್ನು ಫೋಟೋ ಎಂದು ಕಳುಹಿಸಿದರೆ ಅದು ಕುಗ್ಗಿ, ಪಾರದರ್ಶಕತೆಯನ್ನು ಕಳೆದುಕೊಂಡು ತಲಪುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದಂತೆಯೇ ತಲಪುತ್ತದೆ.